ಮಂಕಾಗಿದ್ದ ಮೂರು ಸೀಸೆ

ಮೊನ್ನೆ ನನ್ನ ಸೊಸೆ ಖಾಲಿ ಯೂರಿಯಾ ಚೀಲ ಕೊಡವಿ, ಬಿದ್ದ ಕಸವನ್ನು ನೀರೊಲೆಗೆ ಗುಡಿಸಿ ಹಾಕಿದಳು. ಚೀಲದ ಮೂಲೆಯಲ್ಲಿ ಉಳಿದಿದ್ದ ನಾಲ್ಕು ಕಾಳು ಕೆಂಡದ ಮೇಲೆ ಬಿದ್ದು ಚುರುಗುಟ್ಟಿದವು. ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ ಎದ್ದಿತು. ಸೊಸೆ ಕೆಮ್ಮುತ್ತಾ ಹಿತ್ತಿಲಿಗೆ ಓಡಿದಳು. ನಾನು ಅಲ್ಲೇ ನಿಂತು ಇನ್ನೊಂದು ಸಲ ಉಸಿರು ಎಳೆದುಕೊಂಡೆ. ಆ ವಾಸನೆ ಬಂದರೆ ನನಗೆ ನೆನಪಾಗುವುದು ಗೊಬ್ಬರವಲ್ಲ, ಮಮತಾ. ಅವಳು ನಮ್ಮ ಮನೆಯಲ್ಲಿದ್ದ ಆ ಒಂದು ಹೊಗೆಸೊಪ್ಪಿನ ಕಾಲ.

ನಮ್ಮದು ಗಾವಡಗೆರೆಯ ಪಕ್ಕದ ಹಳ್ಳಿ. ಹುಣಸೂರಿನ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಹುಟ್ಟೂರು ಅಂತರಸಂತೆಯ ಕಡೆ. ಹುಣಸೂರಿನಲ್ಲಿ ಮನೆ ಸಿಗಲಿಲ್ಲ ಅಂತ ಇಷ್ಟು ದೂರ ಬಂದಿದ್ದಳು. ಒಂಟಿ ಹೆಂಗಸು ಅಂತ ಇಬ್ಬರು ಬೇಡ ಅಂದಿದ್ದರಂತೆ, ಪೆಟ್ಟಿಗೆಯಲ್ಲಿದ್ದ ಸೀಸೆ ನೋಡಿ ಮೂರನೆಯವನು ಬಾಂಬು ಮಾಡುತ್ತೀಯಾ ಅಂತ ಕೇಳಿದ್ದನಂತೆ. ನಾನೂ ಕೇಳಿದೆ. ಮನೆ ನನ್ನದು, ಕೇಳದೆ ಇರಲಾಗುತ್ತದೆಯೇ?

"ಬಾಂಬ್ ಮಾಡ್ತೀಯೇನವ್ವ?"

"ಇಲ್ಲ ಅಜ್ಜಿ, ಬೆಳಕು ಮಾಡ್ತೀನಿ."

"ಕರೆಂಟ್ ಆಫೀಸ್‌ನೋಳಾ?"

"ಅಲ್ಲ. ಒಂದು ಥರದ ಪುಡಿ ಮಾಡ್ತೀನಿ. ಅದರ ಮೇಲೆ ಒಂದು ಬಣ್ಣದ ಬೆಳಕು ಬಿಟ್ರೆ ಇನ್ನೊಂದು ಬಣ್ಣದ ಬೆಳಕು ಬರ್ತದೆ."

"ಬಂದು?"

ಆರು ವರ್ಷದಿಂದ ಈ ಕೆಲಸದಲ್ಲಿದ್ದಳಂತೆ, ಆ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ.

"ಬಂದು... ಅದನ್ನ ಅಳೀಬೇಕು," ಅಂದಳು.

ಮಾತು ಸುಳ್ಳಿರಲಿಲ್ಲ. ಕೋಣೆ ಕೊಟ್ಟೆ.

ಆರು ವರ್ಷದ ಕೆಲಸವನ್ನು ಅವಳು ಆ ವರ್ಷ ಮುಗಿಸಿ, ಪುಸ್ತಕ ಬರೆದು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾಗಿತ್ತು. ಒಪ್ಪಿಸದಿದ್ದರೆ ಅವಳ ಹೆಸರು ಹೊಡೆದುಹಾಕುತ್ತಾರೆ, ಮೊದಲಿಂದ ಶುರು. ಡಾಕ್ಟರ್ ಪದವಿ ಇಲ್ಲದೆ ಕೆಲಸ ಕಾಯಂ ಆಗುವುದಿಲ್ಲ, ವರ್ಷ ವರ್ಷ ಅತಿಥಿಯಾಗಿಯೇ ಇರಬೇಕು. ಆರು ವರ್ಷ ಅತಿಥಿಯಾಗಿದ್ದವರನ್ನು ನೆಂಟರ ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲ, ಸರ್ಕಾರ ಎಲ್ಲಿ ಇಟ್ಟುಕೊಳ್ಳುತ್ತದೆ?

ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಅವಳು ಸಂಜೆ ಬಸ್ಸಿಳಿದು ಬ್ಯಾರನ್ನಿನ ಒಲೆಯ ಹತ್ತಿರ ಬಂದು ಕೂರುತ್ತಿದ್ದಳು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಎತ್ತರದ ಗೋಡೆ, ಕಿಟಕಿ ಇಲ್ಲ, ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿಂದ ಕೆಳಗೆ ಸಾಲಾಗಿ ತೂಗುಹಾಕುತ್ತೇವೆ, ಹೊರಗಿನ ಒಲೆಯ ಶಾಖ ಕೊಳವೆಯಲ್ಲಿ ಒಳಗೆ ಸುತ್ತುತ್ತದೆ. ನಾನು ಸೌದೆ ತಳ್ಳುತ್ತಿದ್ದೆ. ಪಕ್ಕದ ಮನೆಯ ಚಿಕ್ಕತಾಯಿ ಸೌದೆ ತಳ್ಳದೆ ಮಾತು ತಳ್ಳುತ್ತಿದ್ದಳು. ಅವಳು ನನಗಿಂತ ಐದು ವರ್ಷ ಚಿಕ್ಕವಳು, ನಾಲಿಗೆ ಹತ್ತು ವರ್ಷ ದೊಡ್ಡದು.

"ನಿನ್ನ ಪುಡಿಗೆ ಏನೇನ್ ಆಕ್ತೀಯವ್ವ?" ಅಂತ ಚಿಕ್ಕತಾಯಿ ಒಂದು ದಿನ ಕೇಳಿದಳು.

"ರೇರ್ ಅರ್ತ್ ಅಂತ ಬರ್ತದೆ ಚಿಕ್ಕಮ್ಮ. ಅಪರೂಪದ ಮಣ್ಣು."

"ನಮ್ಮ ಮೇಗ್ಲೊಲದ ಮಣ್ಣೂ ಅಪರೂಪದ್ದೇ ಕಣವ್ವ. ರಾಗೀನೂ ಬರಾಕಿಲ್ಲ, ಕಳೇನೂ ಬರಾಕಿಲ್ಲ. ಎರಡು ಗಾಡಿ ತಕ್ಕೊಂಡೋಗು."

ಗಾಡಿಗಟ್ಟಲೆ ಬೇಕಾಗಿಲ್ಲ, ಒಂದು ಚಿಟಿಕೆ ಸಾಕು ಅಂದಳು ಮಮತಾ. ಬೇರೆ ಪುಡಿ ಹಾಲಿದ್ದ ಹಾಗೆ, ಇದು ಹೆಪ್ಪು. ಅದರಲ್ಲೂ ಎರಡು ಬಗೆಯ ಹೆಪ್ಪು. ಒಂದು ಟರ್ಬಿಯಂ, ಇನ್ನೊಂದು ಇಟರ್ಬಿಯಂ. ಆ ಹೆಸರು ನನ್ನ ಬಾಯಲ್ಲಿ ತಿರುಗಲಿಲ್ಲ, ಅಣ್ಣ ತಮ್ಮ ಅಂತ ಇಟ್ಟುಕೊಂಡೆ. ಅಣ್ಣ ಬೆಳಕು ನುಂಗುತ್ತಾನೆ, ನುಂಗಿದ್ದನ್ನು ಎರಡು ಪಾಲು ಮಾಡಿ ಇಬ್ಬರು ತಮ್ಮಂದಿರಿಗೆ ಕೊಡುತ್ತಾನೆ, ತಮ್ಮಂದಿರು ತಲಾ ಒಂದೊಂದು ಬೆಳಕು ಹೊರಗೆ ಬಿಡುತ್ತಾರೆ. ಒಂದು ಹೋಗಿ ಎರಡು ಬಂತು.

"ಅಣ್ಣ ಪಾಲು ಕೊಡ್ತಾನಾ?" ಅಂದಳು ಚಿಕ್ಕತಾಯಿ. "ಅದಕ್ಕೇ ಅದು ಅಪರೂಪದ ಮಣ್ಣು."

ನನಗೆ ಬೇರೆ ಅನುಮಾನ ಬಂತು. "ಒಂದು ಹೋಗಿ ಎರಡು ಬತ್ತದೆ ಅಂತ ಹೇಳೋರ್ನ ನಂಬಬಾರ್ದು ಕಣವ್ವ. ಎಲ್ಲಿಂದ ಬತ್ತದೆ ಎರಡ್ನೇದು?"

ಅವಳು ನನ್ನ ತಟ್ಟೆಯ ಕಡೆ ಕೈ ತೋರಿಸಿದಳು. "ಮುದ್ದೆ ಮುರೀತೀರಲ್ಲ ಅಜ್ಜಿ, ಹಂಗೆ. ಸೋಲಾರ್ ಪ್ಲೇಟಿನ ಬಾಯಿ ಚಿಕ್ಕದು, ಬಿಸಿಲಲ್ಲಿರೋ ನೀಲಿ ಬೆಳಕು ದೊಡ್ಡ ತುತ್ತು. ಪ್ಲೇಟು ಅರ್ಧ ತಿಂದು ಅರ್ಧ ಚೆಲ್ಲುತ್ತೆ. ನನ್ನ ಪುಡಿ ಮೊದಲೇ ಮುರಿದು ಎರಡು ತುತ್ತು ಮಾಡಿ ಕೊಡ್ತದೆ. ಕ್ವಾಂಟಂ ಕಟಿಂಗ್ ಅಂತಾರೆ."

"ಹಂಗನ್ನು. ಮುರಿದ್ರೆ ಮುದ್ದೆ ಜಾಸ್ತಿ ಆಗಲ್ಲ, ತುತ್ತು ಜಾಸ್ತಿ ಆಗ್ತವೆ."

ಮಮತಾ ನನ್ನ ಮುಖವನ್ನೇ ನೋಡಿದಳು. "ಇದನ್ನ ನಮ್ಮ ಹುಡುಗ್ರಿಗೆ ಮೂರು ಪೀರಿಯಡ್ ಹೇಳಿದ್ರೂ ಹತ್ತಲಿಲ್ಲ ಅಜ್ಜಿ."

"ಅವ್ರಿಗೆ ಹಸಿವಾಗಿರಲ್ಲ ಬುಡು," ಅಂದೆ.

ಇಷ್ಟೆಲ್ಲ ಹೇಳಿದವಳು ಮುಖ್ಯವಾದ ಒಂದು ಮಾತು ಹೇಳಲಿಲ್ಲ. ಅದು ಆಮೇಲೆ ಬರುತ್ತದೆ.

ಕೊನೆಯ ಸೊಪ್ಪು ಬೆಂದು ಇಳಿದ ಮೇಲೆ ಬ್ಯಾರನ್ ಖಾಲಿಯಾಯಿತು. ಮಮತಾಗೆ ಪುಡಿಯ ಬೆಳಕು ನೋಡಲು ಕತ್ತಲೆ ಬೇಕಾಗಿತ್ತು. ನಮ್ಮ ಬ್ಯಾರನ್ನಿನಲ್ಲಿ ಹಾಡುಹಗಲು ಬಾಗಿಲು ಹಾಕಿದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಂಟು ಸೀಸೆ, ಖೋಟಾ ನೋಟು ನೋಡುವಂಥ ಒಂದು ನೇರಳೆ ಟಾರ್ಚು ಹಿಡಿದುಕೊಂಡು ಬಂದಳು. ನಾನೂ ಚಿಕ್ಕತಾಯಿಯೂ ಒಳಗೆ ಹೋದೆವು.

ಟಾರ್ಚು ಹತ್ತಿಸಿದ ಕೂಡಲೆ ಮೊದಲು ಹೊಳೆದದ್ದು ಪುಡಿಯಲ್ಲ, ಚಿಕ್ಕತಾಯಿಯ ಬಿಳಿ ಸೀರೆ. ನೀಲಿ ನೀಲಿಯಾಗಿ, ದೆವ್ವ ಎದ್ದು ನಿಂತ ಹಾಗೆ. ಸೋಪಿನ ಪುಡಿಯಲ್ಲಿ ಅಂಥ ಔಷಧಿ ಇರುತ್ತದಂತೆ. ಮಮತಾ ನಕ್ಕಾಗ ಅವಳ ಹಲ್ಲೂ ಹೊಳೆದವು. ನನ್ನ ಸೆರಗು ಹೊಳೆಯಲಿಲ್ಲ.

"ಕೆಂಪಕ್ಕ ಸೀರೆ ಒಗೆಯಲ್ಲ ಅನ್ನೋದು ವಿಜ್ಞಾನಕ್ಕೂ ಗೊತ್ತಾಯ್ತು," ಅಂದಳು ಚಿಕ್ಕತಾಯಿ.

"ನಿನ್ನ ಹಲ್ಲು ಯಾಕೆ ಹೊಳೀತಿಲ್ಲ?" ಅಂದೆ.

"ಹೊಗೆಸೊಪ್ಪು ಜಗಿದ ಹಲ್ಲು ಕಣಕ್ಕ. ದೇವರು ಬಂದು ಟಾರ್ಚ್ ಬುಟ್ರೂ ಹೊಳೆಯಾಕಿಲ್ಲ."

ಗೋಡೆಯ ಮೇಲೆ ಬೆರಳುದ್ದದ ಹಸಿರು ಬೆಳಕು ಕಂಡಿತು. ಬಲು ಚೆನ್ನಾಗಿತ್ತು. "ಇದ್ಯಾವ ಪುಡಿಯವ್ವ ಗೋಡೆಗೆ ಮೆತ್ತಿದ್ದೀಯ?" ಅಂತ ಬೆರಳು ಚಾಚಿದೆ. ಪುಡಿ ಬಾಲ ಎತ್ತಿತು. ಚೇಳು! ಚೇಳಿನ ಚರ್ಮಕ್ಕೂ ಆ ಟಾರ್ಚು ಬಿದ್ದರೆ ಹೊಳೆಯುವ ಗುಣ ಇದೆಯಂತೆ. ಅದನ್ನು ಮಮತಾ ವಿವರಿಸುವ ಹೊತ್ತಿಗೆ ಚಿಕ್ಕತಾಯಿ ತನ್ನ ಮನೆಯ ಜಗಲಿ ಸೇರಿದ್ದಳು. ಅಪ್ಪಟ ಕಪ್ಪು ಚೇಳನ್ನು ಅರವತ್ತು ವರ್ಷ ಹೊಡೆದಿದ್ದೇನೆ, ಅದರಲ್ಲಿ ಇಷ್ಟು ಅಂದ ಇದೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಚಪ್ಪಲಿಯಲ್ಲಿ ಹೊಡೆದೆ.

ಆಮೇಲೆ ಸೀಸೆಗಳನ್ನು ನೋಡಿದೆವು. ಬೆರಳುದ್ದದ ಗಾಜಿನ ಸೀಸೆ, ಒಂದರಿಂದ ಎಂಟರವರೆಗೆ ನಂಬರು. ಅಣ್ಣನ ಹೆಪ್ಪು ಎಲ್ಲದರಲ್ಲೂ ಒಂದೇ ಅಳತೆ, ತಮ್ಮನದು ನಂಬರು ಏರಿದ ಹಾಗೆ ಜಾಸ್ತಿ. ಒಂದನೆಯದು ಭತ್ತದ ಒಟ್ಟಲಿನ ಎಳೆ ಪೈರಿನ ಹಾಗೆ ಹಸಿರಾಗಿ ಬೆಳಗಿತು. ಎರಡು, ಮೂರು, ನಾಲ್ಕು, ಐದು ಬರಬರುತ್ತಾ ಸ್ವಲ್ಪ ಸ್ವಲ್ಪ ಕಡಿಮೆ. ಆರು, ಏಳು, ಎಂಟು ಮಂಕು. ಎಂಟನೆಯದಂತೂ ಇದ್ದೂ ಇಲ್ಲದ ಹಾಗೆ. ಮಮತಾ ಆ ಮಂಕು ಸೀಸೆಗಳನ್ನೇ ಬಹಳ ಹೊತ್ತು ನೋಡುತ್ತಾ ಕುಳಿತಳು. ಪಾಪ, ಕೆಟ್ಟುಹೋದವು ಅಂತ ಕೊರಗುತ್ತಿದ್ದಾಳೆ ಅಂದುಕೊಂಡೆ.

ಸ್ವಾತಿ ಮಳೆ ಹಿಡಿದ ವಾರ ಅವಳಿಗೆ ಫೋನು ಬಂತು. ಬೆಂಗಳೂರಿನ ಒಂದು ದೊಡ್ಡ ಲ್ಯಾಬಿನಲ್ಲಿ ಅವಳ ಪುಡಿ ಅಳೆಯುವ ಯಂತ್ರವಿತ್ತು. ಅದರ ಮುಂದೆ ಕೂರಲು ಏಳು ತಿಂಗಳಿಂದ ಕಾದಿದ್ದಳು. ಸೋಮವಾರ ಬನ್ನಿ ಅಂದರು. ಆ ಸೋಮವಾರ ತಪ್ಪಿದರೆ ಮತ್ತೆ ಸಿಗುವುದು ಗಡುವು ಮುಗಿದ ಮೇಲೆ. ಬುಧವಾರ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ, "ಅಜ್ಜಿ, ಬ್ಯಾರನ್ನಲ್ಲಿರೋ ಸೀಸೆ ಎಲ್ಲ ಹತ್ತಿ ಸುತ್ತಿ ಡಬ್ಬಕ್ಕೆ ಹಾಕಿಟ್ಟಿರ್ತೀರಾ? ಮಳೆ ನೀರು ಒಳಗೆ ಬರೋ ಹಂಗಿದೆ," ಅಂದಳು.

ಇಡುತ್ತೇನೆ ಅಂದೆ. ಇಟ್ಟೆ ಕೂಡ.

ನಾನು ಐವತ್ತು ವರ್ಷ ಸೊಪ್ಪು ಗ್ರೇಡು ಮಾಡಿದವಳು. ನಮ್ಮ ಕೆಲಸಕ್ಕೆ ಇರುವುದು ಒಂದೇ ನಿಯಮ. ಹಳದಿಯಾಗಿ ಹೊಳೆಯುವ ಸೊಪ್ಪಿನ ನಡುವೆ ಮಂಕು ಸೊಪ್ಪು ಒಂದೂ ಇರಬಾರದು. ಹರಾಜಿನಲ್ಲಿ ಕೊಳ್ಳುವವನು ಮೇಲಿನದನ್ನು ನೋಡುವುದಿಲ್ಲ, ಬೇಲ್ ಅಂದರೆ ಸೊಪ್ಪಿನ ಮೂಟೆ, ಅದರ ಹೊಟ್ಟೆಗೆ ಕೈ ಹಾಕಿ ಎಳೆಯುತ್ತಾನೆ. ಒಂದು ಮಂಕು ಎಲೆ ಕೈಗೆ ಬಂದರೆ ಇಡೀ ಬೇಲ್ ಮಂಕು. ಮಂಕಾದದ್ದನ್ನೆಲ್ಲ ಬೇರೆ ಮಾಡಿ, ಒಟ್ಟಿಗೆ ಸೇರಿಸಿ ಲೋ ಗ್ರೇಡ್ ಬೇಲ್ ಕಟ್ಟುತ್ತೇವೆ. ಹುಡುಗಿ ಮೊದಲ ಸಲ ದೊಡ್ಡ ಜಾಗಕ್ಕೆ ಮಾಲು ಒಯ್ಯುತ್ತಿದ್ದಾಳೆ, ಗ್ರೇಡು ಮಾಡದೆ ಕಳಿಸಿದರೆ ನಮ್ಮ ಮನೆಗೆ ಮರ್ಯಾದೆಯೇ?

ಬ್ಯಾರನ್ ಬಾಗಿಲು ಹಾಕಿಕೊಂಡು ಟಾರ್ಚು ಬಿಟ್ಟು ಇನ್ನೊಂದು ಸಲ ನೋಡಿದೆ. ಐದು ಚೆನ್ನಾಗಿದ್ದವು, ಹತ್ತಿ ಸುತ್ತಿ ಡಬ್ಬಕ್ಕೆ ಇಟ್ಟೆ. ಮಂಕಾಗಿದ್ದ ಮೂರನ್ನೂ ಒಂದೇ ಸೀಸೆಗೆ ಸುರಿದು, ಚೆನ್ನಾಗಿ ಕುಲುಕಿ, ಬೇರೆ ಇಟ್ಟೆ. ಖಾಲಿಯಾದ ಎರಡು ಸೀಸೆ ತೊಳೆದೆ. ಒಂದು ಚಿಕ್ಕತಾಯಿ ಕೇಳಿದಳು, ಕೊಟ್ಟೆ.

ಸಂಜೆ ಮಮತಾ ಬಂದ ಕೂಡಲೆ ನಾನೇ ಹೆಮ್ಮೆಯಿಂದ ಹೇಳಿದೆ. "ಗ್ರೇಡ್ ಮಾಡಿಟ್ಟಿದ್ದೀನಿ ಕಣವ್ವ. ಲೋ ಗ್ರೇಡು ಬೇರೆ."

ಡಬ್ಬ ತೆಗೆದು ನೋಡಿದಳು. ಸೀಸೆ ಎತ್ತಿ ನೋಡಿದಳು. ಬ್ಯಾರನ್ನಿನ ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ಅಜ್ಜಿ, ಉಳಿದ ಸೀಸೆ ಎಲ್ಲಿ?"

ಚಿಕ್ಕತಾಯಿ ಸೊಂಟದ ಎಲೆಅಡಿಕೆ ಚೀಲದಿಂದ ಸೀಸೆ ತೆಗೆದು ಕೊಟ್ಟಳು. ಒಳಗೆ ಸುಣ್ಣ ತುಂಬಿತ್ತು.

"ಅಜ್ಜಿ," ಅಂದಳು ಮಮತಾ, ಬಹಳ ಮೆಲ್ಲಗೆ, "ನನಗೆ ಬೇಕಾಗಿದ್ದದ್ದೇ ಆ ಮಂಕು ಮೂರು."

ಆಗ ಅವಳು ಹೇಳದೆ ಬಿಟ್ಟಿದ್ದ ಮಾತು ಹೊರಬಿತ್ತು. ತಮ್ಮಂದಿರು ಬಿಡುವ ಎರಡು ಬೆಳಕೂ ಕಣ್ಣಿಗೆ ಕಾಣುವುದಿಲ್ಲ! ಕೆಂಪಿನ ಆಚೆಗಿನ ಬೆಳಕು ಅದು. ಸೋಲಾರ್ ಪ್ಲೇಟಿಗೆ ಕಾಣುತ್ತದೆ, ಬೆಂಗಳೂರಿನ ಯಂತ್ರಕ್ಕೆ ಕಾಣುತ್ತದೆ, ಮನುಷ್ಯರಿಗೆ ಕಾಣುವುದಿಲ್ಲ. ಕಾಣುವ ಹಸಿರೆಲ್ಲ ಅಣ್ಣ ಯಾರಿಗೂ ಕೊಡದೆ ತಾನೇ ಇಟ್ಟುಕೊಂಡದ್ದು. ತಮ್ಮಂದಿರಿಗೆ ಪಾಲು ಹೋದಷ್ಟೂ ಹಸಿರು ಮಂಕಾಗುತ್ತದೆ. ಮಂಕಾದಷ್ಟೂ ಅವಳ ಕೆಲಸ ಗೆದ್ದ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲವಲ್ಲ ಅಂತ.

"ಕಾಣದ ಬೆಳಕು ಎರಡಿದ್ರೇನು ಇಪ್ಪತ್ತಿದ್ರೇನು? ಮಂಕು ಮಾಡೋದೇ ನಿನ್ನ ಕಸುಬು ಅಂತ ಮೊದ್ಲೇ ಬೊಗಳಬಾರ್ದಿತ್ತಾ? ನಾವು ವರ್ಷ ಪೂರ್ತಿ ಅದು ಆಗಬಾರ್ದು ಅಂತ ಸಾಯ್ತೀವಿ."

"ಬೆರೆಸಿಬಿಟ್ರಲ್ಲ ಅಜ್ಜಿ. ಆರು ಯಾವುದು ಎಂಟು ಯಾವುದು ಅಂತ ಈಗ ಬೇರೆ ಮಾಡಕ್ಕಾಗಲ್ಲ. ತಮ್ಮ ಎಷ್ಟಿದ್ರೆ ಸರಿ ಅನ್ನೋದೇ ನನ್ನ ಪುಸ್ತಕ."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಮುಗಿಸುತ್ತಿದ್ದೆ. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿದಳು, ಮತ್ತೆ ತೆಗೆದು ಒರೆಸಿದಳು. ಅದನ್ನು ನೋಡಲಾರದೆ, "ಮತ್ತೆ ಮಾಡು. ಇನ್ನೂ ನಾಕು ದಿನ ಅದೆಯಲ್ಲ," ಅಂದೆ.

ಮಾಡಲು ಪುಡಿ ಸ್ವಲ್ಪ ಉಳಿದಿತ್ತು. ಆದರೆ ಕಾಲೇಜಿನ ಕುಲುಮೆಯ ತಂತಿ ಸುಟ್ಟು ಹತ್ತು ದಿನವಾಗಿತ್ತು. ಅವಳ ವಿಧಾನ ಹೀಗೆ: ಪುಡಿಗಳ ದ್ರಾವಣಕ್ಕೆ ಯೂರಿಯಾ ಹಾಕಿ, ಬೆಳ್ಳನೆಯ ಪಿಂಗಾಣಿ ಬಟ್ಟಲಿನಲ್ಲಿಟ್ಟು, ಐನೂರು ಡಿಗ್ರಿಯ ಕುಲುಮೆಗೆ ತಳ್ಳಬೇಕು. ಯೂರಿಯಾನೇ ಹೊತ್ತಿಕೊಂಡು ಉಳಿದ ಕೆಲಸ ಮಾಡುತ್ತದೆ.

"ಐನೂರು ಡಿಗ್ರಿ ಅಂದ್ರೆ ಕೆಂಡ ಯಾವ ಬಣ್ಣ ಇರ್ತದೆ?" ಅಂತ ಕೇಳಿದೆ.

ಅವಳು ನನ್ನನ್ನು ನೋಡಿದಳು, ಆಮೇಲೆ ಬ್ಯಾರನ್ನಿನ ಒಲೆಯನ್ನು ನೋಡಿದಳು.

ಮಗ ಮಹದೇವ ಕೂಗಾಡಿದ. "ಗೇಣುದ್ದದ ಬಟ್ಲೂ ಅಲ್ಲ, ಕಾಫಿ ಲೋಟದಷ್ಟು ಬಟ್ಲು! ಅದಕ್ಕೆ ಬ್ಯಾರನ್ ಒಲೆ ಹಚ್ಚದಾ? ಸೌದೆ ಯಾರಪ್ಪಂದು?"

"ನಿಮ್ಮಪ್ಪಂದೇ. ಮರ ನೆಟ್ಟೋನು ಅವ್ನು. ಹೋಗಿ ಒಣಗಿರೋದು ಆರಿಸ್ಕೊಂಡು ಬಾ," ಅಂದೆ.

ಮಮತಾ ಮೂರು ಬಟ್ಟಲು ಮಾತ್ರ ಸುಡುತ್ತೇನೆ, ಒಂದರಿಂದ ಐದು ಇವೆಯಲ್ಲ ಅಂದಳು. ನಾನು ಬಿಡಲಿಲ್ಲ. ಒಂದೇ ಹೊಲದ ಸೊಪ್ಪು ಎರಡು ಬ್ಯಾರನ್ನಿನಲ್ಲಿ ಬೆಂದರೆ ಬಣ್ಣ ಎರಡಾಗುತ್ತದೆ, ಅದನ್ನು ಒಂದೇ ಬೇಲ್‌ಗೆ ಹಾಕುವವರು ಮೂರ್ಖರು. "ಎಂಟೂ ಒಂದೇ ಒಲೇಲಿ ಬೇಯ್ಬೇಕು," ಅಂದೆ. ಅವಳು ಒಂದು ಗಳಿಗೆ ಯೋಚಿಸಿ, "ಹೌದು ಅಜ್ಜಿ, ಇಲ್ಲದಿದ್ರೆ ಹೋಲಿಸಕ್ಕಾಗಲ್ಲ," ಅಂದಳು. ಇದ್ದ ಪುಡಿಯನ್ನೆಲ್ಲ ಅರ್ಧರ್ಧ ಅಳತೆಯಲ್ಲಿ ಎಂಟಕ್ಕೂ ಹಂಚಿದಳು. ಚೆಲ್ಲಿದರೆ, ಒಡೆದರೆ, ಇನ್ನೊಂದು ಸಲ ಮಾಡಲು ಚಿಟಿಕೆಯೂ ಉಳಿಯಲಿಲ್ಲ.

ಶನಿವಾರ ಬೆಳಗಿನಿಂದ ಮಳೆ ಜಿಟಿಜಿಟಿ. ಒಲೆಯ ಬಾಯಿಗೆ ಉದ್ದ ತಂತಿಯ ಥರ್ಮಾಮೀಟರು ಇಟ್ಟುಕೊಂಡು ಅವಳು ಕುಳಿತಳು. ನಾನು ಕೆಂಡ ಹರವಿದೆ, ಕೆದಕಿದೆ, ಎರಡು ಕೊರಡು ಹಿಂದಕ್ಕೆ ಎಳೆದೆ. "ಈಗ ಇಡು," ಅಂದೆ. ಅವಳು ಮೀಟರು ನೋಡಿ, "ಐನೂರ ಹತ್ತು," ಅಂದಳು. "ಆ ಹತ್ತು ನಿನ್ನ ಮೀಟ್ರುದು," ಅಂದೆ.

ಉದ್ದ ಇಕ್ಕಳದಲ್ಲಿ, ಮೇಲೆ ಬೂದಿ ಬೀಳದ ಹಾಗೆ ಮುಚ್ಚಳ ಓರೆ ಮಾಡಿ, ಮೊದಲ ಬಟ್ಟಲು ಒಳಗೆ ಇಟ್ಟಳು. ಕೊತಕೊತ ಕುದಿಯಿತು. ಕಂದು ಹೊಗೆ ಎದ್ದಿತು, ಮೂಗಿಗೆ ಸೂಜಿ ಚುಚ್ಚಿತು, ಎಲ್ಲರೂ ಗಾಳಿಯ ಈ ಕಡೆಗೆ ಓಡಿದೆವು. ಆಮೇಲೆ ಬುಸ್ ಅಂತ ಒಂದು ಬಿಳಿ ಉರಿ, ನೋಡನೋಡುತ್ತಾ ಬಟ್ಟಲಿನ ತುಂಬ ಪುರಿ ಉಬ್ಬಿದ ಹಾಗೆ ಬೆಳ್ಳನೆಯ ನೊರೆ. ಮುಟ್ಟಿದರೆ ಪುಡಿ. ಎಂಟು ಸಲ ಹೀಗೆ. ಆರನೆಯದಕ್ಕೆ ಹಸಿ ಸೌದೆ ಬಂದು ಕಾವು ಕುಸಿಯಿತು. ಮಮತಾ ಇಕ್ಕಳ ಹಿಡಿದೇ ನಿಂತಿದ್ದಳು. ನಾನು ಅವಳನ್ನು ಅರ್ಧ ಗಂಟೆ ಕಾಯಿಸಿದೆ. ಕಾವಿಗೆ ಕಾಯಲು ಬರದವರು ಸೊಪ್ಪನ್ನೂ ಬೇಯಿಸಲಾರರು, ಬೆಳಕನ್ನೂ ಬೇಯಿಸಲಾರರು.

ಆಮೇಲೆ ಅರೆಯುವ ಕೆಲಸ. ಅವಳ ಹತ್ತಿರ ಅಂಗೈಯಗಲದ, ನುಣುಪಾದ ಕಲ್ಲಿನ ಕುಟ್ಟಾಣಿ ಇತ್ತು. ಅದರಲ್ಲಿ ಎಂಟು ಅರೆಯುವುದು ಎಂದಿಗೆ ಮುಗಿಯುವುದು ಅಂತ ನಾನು ಒರಳು ತೊಳೆಯಲು ಹೊರಟೆ.

"ಅಜ್ಜಿ, ಬೇಡ! ಒರಳಲ್ಲಿ ಕಬ್ಬಿಣದ ಅಂಶ ಇರ್ತದೆ. ಕಬ್ಬಿಣ ಸೋಕಿದ್ರೆ ಬೆಳಕು ಸಾಯ್ತದೆ."

"ದೆವ್ವಕ್ಕೂ ಕಬ್ಬಿಣ ಆಗದು," ಅಂದಳು ಚಿಕ್ಕತಾಯಿ. "ನಂಗೆ ಮೊದ್ಲೇ ಅನುಮಾನ ಇತ್ತು, ಇವೆಲ್ಲ ಒಂದೇ ಕುಲ."

ಭಾನುವಾರ ಇಡೀ ದಿನ ಮೂವರೂ ಸರದಿಯಲ್ಲಿ ಆ ಚಿಕ್ಕ ಕುಟ್ಟಾಣಿಯಲ್ಲಿ ಅರೆದೆವು. ಪ್ರತಿ ಸೀಸೆಯ ನಡುವೆ ಅದನ್ನು ತೊಳೆದು ಒಣಗಿಸಬೇಕು. ಪುಡಿಗೆ ಸುಣ್ಣ ತಾಗಬಾರದು ಅಂತ ಚಿಕ್ಕತಾಯಿ ಎಲೆಅಡಿಕೆ ಇಲ್ಲದೆ ಆರು ಗಂಟೆ ಕಳೆದಳು. ಅವಳ ಮದುವೆಯ ದಿನವೂ ಅಷ್ಟು ಹೊತ್ತು ಬಾಯಿ ಖಾಲಿ ಇಟ್ಟುಕೊಂಡವಳಲ್ಲ.

ಸೋಮವಾರ ಬೆಂಗಳೂರಿಗೆ ನಾನೂ ಹೋದೆ. ಡಬ್ಬ ಮಡಿಲಲ್ಲಿ ಇಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಡ್ರೈವರನನ್ನು ಬೈಯುತ್ತಾ. ಲ್ಯಾಬಿನ ಕೋಣೆ ನಮ್ಮ ಬ್ಯಾರನ್ನಿನಷ್ಟೇ ಕತ್ತಲೆ, ಆದರೆ ಬಲು ತಣ್ಣಗಿತ್ತು. ಯಂತ್ರ ನೋಡಿಕೊಳ್ಳುವ ಸಾರು, "ಇವರು ಯಾರು?" ಅಂದರು.

"ನಮ್ಮ ಗ್ರೇಡರ್ ಸಾರ್," ಅಂದಳು ಮಮತಾ. ಕಡ್ಡಿ ಮುರಿದ ಹಾಗೆ ಅಂದಳು. ನಾನು ಅದನ್ನು ಬೈಗುಳ ಅಂತಲೇ ತೆಗೆದುಕೊಂಡೆ.

ಒಂದನೆಯ ಸೀಸೆಗೆ ಪರದೆಯ ಮೇಲೆ ಕಾಣದ ಬೆಳಕಿನ ಗೆರೆ ನೆಟ್ಟಗೆ ಮಲಗಿತ್ತು. ಎರಡನೆಯದಕ್ಕೆ ಸಣ್ಣ ಉಬ್ಬು. ಮೂರು, ನಾಲ್ಕು, ಐದಕ್ಕೆ ದಿಬ್ಬ. ಆರನೆಯದಕ್ಕೆ ಗುಡ್ಡ. ಮಮತಾ ಕನ್ನಡಕ ಒರೆಸಲು ಶುರು ಮಾಡಿದಳು. ಏಳನೆಯದನ್ನು ಇಟ್ಟಾಗ ಗೆರೆ ಪರದೆಯ ತುದಿ ಮುಟ್ಟಿತು, ಸಾರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಎಂಟನೇದು ಇನ್ನೂ ಮೇಲೆ ಹೋಗ್ಬೇಕು," ಅಂದಳು ಮಮತಾ.

ಎಂಟನೆಯದನ್ನು ಇಟ್ಟರು. ಗೆರೆ ಎದ್ದ ಹಾಗೆ ಮಾಡಿ ಅಲ್ಲೇ ಕುಸಿಯಿತು. ಮೂರನೆಯದರಷ್ಟೂ ಇರಲಿಲ್ಲ. ಇನ್ನೊಂದು ಸಲ ಇಟ್ಟರು, ಹಾಗೇ.

"ತುಂಬ ಜಾಸ್ತಿ ಹಾಕಿದ್ದೀಯಮ್ಮ," ಅಂದರು ಸಾರು. "ಒಬ್ಬರಿಂದ ಒಬ್ಬರಿಗೆ ದಾಟಿಸಿ ದಾಟಿಸಿ, ದಾರೀಲೇ ಕಳೆದುಕೊಂಡುಬಿಟ್ಟಿವೆ. ಏಳನೇದೇ ಸರಿಯಾದ ಅಳತೆ. ಹೋಗಿ ಬರಿ, ನಿನ್ನ ಕೆಲಸ ಮುಗೀತು."

ಆರು ವರ್ಷ ಮುಗಿದದ್ದು ಆ ಒಂದು ಮಾತಿನಲ್ಲಿ. ಮಮತಾ ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಯಾರಾದರೂ ಏನಾದರೂ ಹೇಳಬೇಕಾಗಿತ್ತು.

"ಅಂದ್ರೆ ಎಂಟನೇದು ನಿಜವಾಗ್ಲೂ ಮಂಕು?" ಅಂತ ಸಾರನ್ನು ಕೇಳಿದೆ.

"ಹೌದಮ್ಮ. ಕಾಣೋ ಬೆಳಕೂ ಇಲ್ಲ, ಕಾಣದ್ದೂ ಇಲ್ಲ."

"ಕೇಳಿಸ್ತಾ?" ಅಂತ ಮಮತಾಳ ಕಡೆ ತಿರುಗಿದೆ. "ಮೂರರಲ್ಲಿ ಒಂದನ್ನ ನಾನು ಸರಿಯಾಗೇ ತೆಗೆದುಹಾಕಿದ್ದೆ."

"ಮಿಕ್ಕ ಎರಡು ಅಜ್ಜಿ?"

"ಅವೆರಡು ನಿನ್ನ ತಪ್ಪು. ಹೇಳದೆ ಇದ್ದೋಳು ನೀನು."

ಅವಳು ನಗಲು ಶುರು ಮಾಡಿದಳು. ಕತ್ತಲೆ ಕೋಣೆಯಲ್ಲಿ ಸದ್ದು ಮಾಡಬಾರದಂತೆ, ಸಾರು ಬಾಯಿ ಮೇಲೆ ಬೆರಳಿಟ್ಟರು. ಅವಳಿಗೆ ನಿಲ್ಲಿಸಲಾಗಲಿಲ್ಲ. ಕೊನೆಗೆ ಇಬ್ಬರನ್ನೂ ಹೊರಗೆ ಕಳಿಸಿ, ಏಳನೆಯದರ ಎರಡನೇ ಅಳತೆಯನ್ನು ಸಾರು ಒಬ್ಬರೇ ಮುಗಿಸಿದರು.